ನೂಲು ಲಡ್ಡಾಗುವಷ್ಟರಲ್ಲಿ

ಎರಡು ಪ್ಯಾಂಟಿನ ಹೊಲಿಗೆ ಬಾಕಿಯ ಬದಲಿಗೆ
ಬೊಸ್ತ್ಯಾಂವ್ ಈ ಗಾಜಿನ ಪೆಟ್ಟಿಗೆ ಇಟ್ಟುಹೋದ.
ಕೋಡಿಬಾಗದಲ್ಲಿ ಅವನ ಬಣ್ಣದ ಮೀನಿನಂಗಡಿ ಮುಚ್ಚಿದ ವಾರ.
ತಾಜಾ ಬಂಗಡೆ ಕಾಲಬುಡಕ್ಕೆ ಬಂದು ಬೀಳುವ ಊರಲ್ಲಿ
ತಿನ್ನಲಾಗದ ಮೀನಿಗೆ ಯಾರು ದುಡ್ಡು ಬಿಚ್ಚುತ್ತಾರೆ?

ಒಳಗೆ ಐದು ಮೀನು, ಬೆರಳುದ್ದ ಗಡ್ಡೆಯ ಒಂದು ಗಿಡ.
ಎಲೆ ಮೂರು, ದಪ್ಪ, ಕಡುಹಸಿರು,
ಎಣ್ಣೆ ಸವರಿಟ್ಟ ಚಪ್ಪಲಿಯ ಚರ್ಮದ ಹಾಗೆ.
ಅನುಬಿಯಾಸ್ ಅಂದ.
ನನಗೆ ಅನಸೂಯಾ ಅಂತ ಕೇಳಿಸಿತು.
ಹಾಗೇ ಉಳಿಯಿತು.

“ಸುಗಂಧಕ್ಕ, ಗಡ್ಡೆ ಮರಳಲ್ಲಿ ಹೂಳಬೇಡ, ಕೊಳೆಯುತ್ತದೆ.
ಕಲ್ಲಿಗೆ ಕಟ್ಟು.”
ಸರಿ, ನೂಲು ಸುತ್ತುವುದು ನನ್ನ ಕಸುಬೇ.
ಬೈತಖೋಲದ ಬಲೆಯ ನೈಲಾನ್ ಗಟ್ಟಿ ಅಂದರು ಯಾರೋ.
ನಾನು ಕಾಜಾ ಹೊಲಿಯುವ ಕಪ್ಪು ಹತ್ತಿ ನೂಲು ತೆಗೆದೆ.
ಹತ್ತಿ ನೀರಲ್ಲಿ ಲಡ್ಡಾಗುತ್ತದೆ, ಗೊತ್ತು.
ಅಷ್ಟರಲ್ಲಿ ಬೇರು ಕಲ್ಲು ಹಿಡಿಯಬೇಕು,
ಅಷ್ಟೇ ಕರಾರು.

ಜೂನ್ ಅಂದರೆ ಯುನಿಫಾರ್ಮಿನ ಸುಗ್ಗಿ.
ಮುನ್ನೂರು ನೀಲಿ ಲಂಗ, ಒಂದೊಂದಕ್ಕೂ
ಎರಡಿಂಚು ಮಡಿಕೆ ಒಳಗೆ, ಮಕ್ಕಳು ಬೆಳೆಯುತ್ತಾರೆಂದು.
ಅನಸೂಯಳಿಗೆ ಮಡಿಕೆ ಬೇಡ.
ತಿಂಗಳಿಗೊಂದು ಎಲೆ, ಅದೂ ಮನಸ್ಸಿದ್ದರೆ.

ನಿಂತಲ್ಲೇ ನಿಂತದ್ದರ ಮೇಲೆ ಪಾಚಿ ಕೂರುತ್ತದೆ.
ಮೊದಲು ಹಸಿರು ಚುಕ್ಕೆ, ಆಮೇಲೆ ಎಲೆಯಂಚಿಗೆ ಕರಿಗಡ್ಡ,
ಓವರ್‌ಲಾಕ್ ಮಾಡದೆ ಬಿಟ್ಟ ಬಟ್ಟೆಯಿಂದ ಎಳೆ ಎದ್ದ ಹಾಗೆ.
ಅಳತೆ ಕೊಡಲು ಬಂದವರೆಲ್ಲ ಸಲಹೆಯನ್ನೂ ಕೊಟ್ಟರು:
ಬೆಳಕು ಸಾಲದು, ಗೊಬ್ಬರ ಹಾಕು, ಕಿಟಕಿಗೆ ಸರಿಸು.
ಎಲ್ಲ ಮಾಡಿದೆ.
ಗಿಡಕ್ಕೆಂದು ಬಡಿಸಿದ್ದನ್ನು ಪಾಚಿ ಉಂಡಿತು.
ಹಳೇ ಬ್ರಶ್ಶಿನಿಂದ ತಿಕ್ಕಿದೆ, ಎಲೆ ಹರಿಯಿತು.
ಎಲೆಗೆ ತೇಪೆ ಹಾಕಲು ನನಗೆ ಬರುವುದಿಲ್ಲ.

ಆಷಾಢದ ಗಾಳಿಗೆ ಕಾಳಿಯ ದಂಡೆಯಲ್ಲಿ ಕಂಬಗಳು ಮಲಗಿದವು.
ಕರೆಂಟಿಲ್ಲ. ಕಾಲಿನ ಮಷಿನ್ನಿಗೆ ಅದರ ಹಂಗೇನು,
ಮೇಣದ ಬೆಳಕಲ್ಲಿ ಹೊಲಿದೆ.
ಹಂಚು ಸೋರಿತೆಂದು ಪೆಟ್ಟಿಗೆಗೆ
ಮುರಿದ ಕೊಡೆಯ ಕರಿಬಟ್ಟೆ ಹೊದಿಸಿದೆ.
ಮೂರು ದಿನ ಮೀನಿಗೆ ಕಾಳಿಲ್ಲ, ಗಿಡಕ್ಕೆ ಬೆಳಕಿಲ್ಲ.
ರಾತ್ರಿ ಎದ್ದೆದ್ದು ಲೋಟದಲ್ಲಿ ನೀರೆತ್ತಿ ಸುರಿದೆ,
ಉಸಿರು ಆಡಲೆಂದು.

ನಾಲ್ಕನೇ ದಿನ ಲೈನ್‌ಮನ್ ಅರ್ಗೇಕರ್ ಒದ್ದೆ ಬೂಟಲ್ಲಿ ಬಂದು
“ಬಂತು ನೋಡು” ಅಂದ.
ಬಟ್ಟೆ ಸರಿಸಿದೆ.
ಪಾಚಿ ಬೂದಿಬಣ್ಣಕ್ಕೆ ತಿರುಗಿ ತಾನಾಗಿ ಕಳಚುತ್ತಿತ್ತು.
ಅನಸೂಯ ಇದ್ದ ಹಾಗೇ ಇದ್ದಳು.
ಯಾವುದೋ ಕಾಡಿನ ಹಳ್ಳದ ನೆರಳಲ್ಲಿ ಹುಟ್ಟಿದವಳಿಗೆ
ಕತ್ತಲೆ ತವರಿದ್ದ ಹಾಗೆ.
“ನೀವು ತಡ ಮಾಡಿದ್ದೇ ಒಳ್ಳೇದಾಯ್ತು” ಅಂದೆ.
ಇಪ್ಪತ್ತು ವರ್ಷದ ಸರ್ವಿಸಿನಲ್ಲಿ
ಈ ಮಾತು ಅವನು ಕೇಳಿದ್ದು ಮೊದಲ ಸಲವಂತೆ.

ಅಲ್ಲಿಂದ ದೀಪ ದಿನಕ್ಕೆ ಆರೇ ತಾಸು.
ಪಡುವಣ ಕಿಟಕಿಗೆ ಉಳಿದ ಅಸ್ತರಿನ ಪರದೆ.
ಶನಿವಾರ ಒಂದು ಬಕೆಟ್ ನೀರು ಬದಲು;
ಮೇ ತಿಂಗಳಲ್ಲಿ ಬಾವಿ ಉಪ್ಪಾಗುತ್ತದೆ,
ನಾಲಿಗೆಗೆ ಒಂದು ಹನಿ ಮುಟ್ಟಿಸಿಯೇ ಸುರಿಯುತ್ತೇನೆ.
ಗದ್ದೆಯಿಂದ ತಂದ ಬಸವನಹುಳು ನಾಲ್ಕು,
ಎಲೆಯಿಂದ ಎಲೆಗೆ ಇಸ್ತ್ರಿಪೆಟ್ಟಿಗೆಯಂತೆ ಜಾರುತ್ತವೆ.
ಅಷ್ಟಾದರೂ ಒಂದೊಂದು ಚುಕ್ಕೆ ಇದ್ದೇ ಇದೆ. ಇರಲಿ.

ಮೊನ್ನೆ ಬೊಸ್ತ್ಯಾಂವ್ ಬಂದ.
ಈಗ ಮಡಗಾಂವದಲ್ಲಿ ಪೇಂಟಿನ ಅಂಗಡಿಯಲ್ಲಿದ್ದಾನಂತೆ.
ಎಣಿಸಿದ. ಎರಡು ವರ್ಷಕ್ಕೆ ಹದಿನಾಲ್ಕು ಎಲೆ.
“ಇಷ್ಟೇನಾ?”
ತೋಳು ಮಡಚಿ, ಕೈ ಇಳಿಸಿ ಗಿಡ ಎತ್ತಿದ.
ಕಲ್ಲೂ ಜೊತೆಗೇ ಮೇಲೆ ಬಂತು.
ನೂಲಿಗಾಗಿ ತಡಕಾಡಿದ, ಇರಲಿಲ್ಲ.
ಗಂಟಿದ್ದಲ್ಲಿ ಬಿಳಿಬೇರು, ಒತ್ತುಹೊಲಿಗೆ ಹಾಕಿದಂತೆ.
ಎಲೆಗಳ ನಡುವೆ ಅಕ್ಕಿಕಾಳಿನಷ್ಟು ಒಂದು ಮೊಗ್ಗು:
ನೀರೊಳಗೇ ಹೂ ಬಿಡುವುದುಂಟೆಂದು
ಅವನು ನನಗೆ ಹೇಳಿರಲಿಲ್ಲ.

ಮೆಲ್ಲಗೆ ಇಳಿಸಿದ.
ಕೈ ಒರೆಸಲು ನೀಲಿ ಲಂಗದ ಕತ್ತರಿತುಂಡು ಕೊಟ್ಟೆ.
ಬಾಕಿಯ ಮಾತು ನಾನೂ ಎತ್ತಲಿಲ್ಲ.
ಹೊರಡುವಾಗ ಬಾಗಿಲಲ್ಲಿ ನಿಂತು
“ಸೊಂಟ ಎರಡಿಂಚು ಬಿಚ್ಚಬೇಕಿತ್ತು” ಅಂದ.
ಟೇಪು ನನ್ನ ಕೊರಳಲ್ಲೇ ಇತ್ತು.